ಕತ್ತಲೆ ಕೋಣೆಯಿಂದ ಐವತ್ತು ಮಿಲಿಮೀಟರಿಗೆ

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಪೀನ ಮಸೂರ, ನಿಮ್ನ ಮಸೂರ ಎಂದು ನಾವೆಲ್ಲ ಓದಿದ್ದೇವೆ. ಆ ಮಸೂರವೂ ಅಡುಗೆಮನೆಯ ಡಬ್ಬಿಯಲ್ಲಿರುವ ಮಸೂರ್ ದಾಲ್ ಕೂಡ ಒಂದೇ ಪದ ಎಂದು ಯೋಚಿಸಿದವರು ಕಡಿಮೆ. ಎರಡೂ ಕಡೆ ಉಬ್ಬಿದ ಆ ಪುಟ್ಟ ಕಾಳಿಗೆ ಲ್ಯಾಟಿನ್ ಭಾಷೆಯಲ್ಲಿ ಲೆನ್ಸ್ ಎಂದೇ ಹೆಸರು. ಅರಬಿಯಲ್ಲಿ ಅದಸ್ ಎಂದರೆ ಮಸೂರ ಕಾಳು, ಅದಸಾ ಎಂದರೆ ಲೆನ್ಸು. ಉರ್ದುವಿನಲ್ಲೂ ಅದಸಾ ಎಂದೇ ಬರೆಯುತ್ತಾರೆ. ಒಂದು ಬೇಳೆಯ ಆಕಾರ ಇಷ್ಟು ಭಾಷೆಗಳಲ್ಲಿ ಗಾಜಿಗೆ ಹೆಸರು ಕೊಟ್ಟಿದೆ. ಬೇಳೆಗೂ ಗಾಜಿಗೂ ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಕ್ಯಾಮೆರಾ ಹಿಡಿದ ನಮ್ಮ ಹುಡುಗ ಹುಡುಗಿಯರು ಎದುರಿಸುವ ಮೊದಲ ಕಷ್ಟ ಈ ಬೆಲೆಯದೇ. ಮದುವೆ ಮಹಲುಗಳಲ್ಲಿ ಫೋಟೋ ತೆಗೆದು ಜೀವನ ಮಾಡಬೇಕೆಂದುಕೊಂಡವರು, ಪತ್ರಿಕೆಗೆ ಚಿತ್ರ ಕಳಿಸಬೇಕೆಂದುಕೊಂಡವರು, ಹಕ್ಕಿಗಳ ಹುಚ್ಚು ಹತ್ತಿಸಿಕೊಂಡವರು, ಹೇಗೋ ಹಣ ಹೊಂದಿಸಿ ಒಂದು ಡಿಜಿಟಲ್ ಎಸ್‌ಎಲ್‌ಆರ್ ಕೊಳ್ಳುತ್ತಾರೆ. ಕೊಂಡ ಮೇಲೆ ಗೊತ್ತಾಗುತ್ತದೆ, ಅದು ಬರೀ ಡಬ್ಬಿ. ಕಣ್ಣು ಬೇರೆಯಾಗಿ ಕೊಳ್ಳಬೇಕು ಎಂದು. ಉಳಿದಿರುವ ಅಲ್ಪ ಹಣದಲ್ಲಿ ಯಾವ ಲೆನ್ಸು ಕೊಳ್ಳುವುದು? ಅಂಗಡಿಯವನ ಉತ್ತರ ಅವನ ದಾಸ್ತಾನಿನ ಮೇಲೆ ನಿಂತಿರುತ್ತದೆ. ನಾವು ಈ ಪ್ರಶ್ನೆಯನ್ನು ಇತಿಹಾಸದ ಮುಂದಿಟ್ಟು ನೋಡೋಣ. ಒಂದು ಲೆನ್ಸು ಅಗ್ಗವೇಕೆ, ಇನ್ನೊಂದು ದುಬಾರಿಯೇಕೆ ಎಂಬುದಕ್ಕೆ ಕಾರಣಗಳು ಸಾವಿರ ವರ್ಷಗಳ ಕಥೆಯಲ್ಲಿವೆ.

ನೂರೈವತ್ತು ದೀನಾರಿನ ವಿದ್ವಾಂಸ

ಕ್ರಿ.ಶ. 984ರ ಸುಮಾರಿಗೆ ಬಗ್ದಾದಿನಲ್ಲಿ ಇಬ್ನ್ ಸಹ್ಲ್ ಎಂಬ ಗಣಿತಜ್ಞ ಸುಡುವ ಕನ್ನಡಿಗಳು ಮತ್ತು ಮಸೂರಗಳ ಬಗ್ಗೆ ಒಂದು ಗ್ರಂಥ ಬರೆದರು. ಸೂರ್ಯನ ಬೆಳಕನ್ನು ಒಂದೇ ಬಿಂದುವಿಗೆ ತರಬೇಕಾದರೆ ಗಾಜಿನ ಮೈ ಯಾವ ವಕ್ರದಲ್ಲಿರಬೇಕು ಎಂದು ಅವರು ರೇಖಾಗಣಿತದಿಂದ ತೋರಿಸಿದರು. ಬೆಳಕು ಗಾಜಿನಲ್ಲಿ ಎಷ್ಟು ಬಾಗುತ್ತದೆ ಎಂಬ ನಿಯಮ ಯುರೋಪಿನಲ್ಲಿ ಸ್ನೆಲ್ ಹೆಸರಿನಲ್ಲಿದೆ, ಅದು 1621ರದು. ಅದೇ ನಿಯಮ ಇಬ್ನ್ ಸಹ್ಲರ ಹಾಳೆಗಳಲ್ಲಿ ಆರು ಶತಮಾನಗಳಿಗೂ ಹಿಂದೆ ಇತ್ತು ಎಂಬುದನ್ನು ಇತಿಹಾಸಕಾರ ರೋಷ್ದಿ ರಾಶಿದ್ 1990ರಲ್ಲಿ ಬೆಳಕಿಗೆ ತಂದರು.

ಅವರ ನಂತರ ಬಂದವರು ಬಸ್ರಾದಲ್ಲಿ 965ರ ಸುಮಾರಿಗೆ ಹುಟ್ಟಿದ ಇಬ್ನುಲ್ ಹೈಸಮ್. ನೈಲ್ ನದಿಯ ಪ್ರವಾಹವನ್ನು ಹತೋಟಿಗೆ ತರಲು ಈಜಿಪ್ಟಿನ ಖಲೀಫ ಅಲ್ ಹಾಕಿಂ ಅವರನ್ನು ಕರೆಸಿದ, ಅದು ಅಸಾಧ್ಯವೆಂದು ಕಂಡಾಗ ದೊರೆಯ ಕೋಪಕ್ಕೆ ಹೆದರಿ ಅವರು ಹುಚ್ಚನಂತೆ ನಟಿಸುತ್ತ ಮನೆಯೊಳಗೇ ಉಳಿದರು, 1021ರಲ್ಲಿ ಖಲೀಫ ಇಲ್ಲವಾದ ಮೇಲೆ ಹೊರಬಂದರು ಎಂದು ಹಳೆಯ ಚರಿತ್ರೆಕಾರ ಇಬ್ನುಲ್ ಕಿಫ್ತಿ ಬರೆಯುತ್ತಾರೆ. ಆಮೇಲೆ ಅವರು ಕೈರೋದ ಅಲ್ ಅಝ್ಹರ್ ಮಸೀದಿಯ ಬಾಗಿಲ ಬಳಿ ವಾಸಿಸುತ್ತ, ವರ್ಷಕ್ಕೊಮ್ಮೆ ಯೂಕ್ಲಿಡನ ರೇಖಾಗಣಿತ, ಟಾಲೆಮಿಯ ಅಲ್ ಮಜಿಸ್ತಿ ಮೊದಲಾದ ಗ್ರಂಥಗಳನ್ನು ಕೈಯಿಂದ ನಕಲು ಮಾಡಿ, 150 ದೀನಾರಿಗೆ ಮಾರಿ ಆ ಹಣದಲ್ಲಿ ವರ್ಷ ಕಳೆಯುತ್ತಿದ್ದರಂತೆ. ದೃಗ್ವಿಜ್ಞಾನದ ಅತಿದೊಡ್ಡ ಹೆಸರೊಂದು ಹೀಗೆ ಬಿಗಿಯಾದ ಬಜೆಟ್ಟಿನಲ್ಲಿ ಬದುಕಿತ್ತು.

ಏಳು ಭಾಗಗಳ ಅವರ ಕಿತಾಬುಲ್ ಮನಾಝಿರ್ ಕೃತಿ ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ ಎಂಬ ಗ್ರೀಕರ ವಾದವನ್ನು ತಳ್ಳಿಹಾಕಿತು. ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಪ್ರಯೋಗದ ಬೆಂಬಲದಿಂದ ಹೇಳಿತು. ಒಂದು ಪ್ರಯೋಗ ಬಹಳ ಸರಳ. ರಂಧ್ರದ ಎದುರು ಬೇರೆ ಬೇರೆ ಜಾಗದಲ್ಲಿ ಹಲವು ದೀಪಗಳನ್ನಿಟ್ಟರೆ ಕತ್ತಲೆ ಕೋಣೆಯ ಗೋಡೆಯ ಮೇಲೆ ಅಷ್ಟೇ ಬೆಳಕಿನ ಚುಕ್ಕೆಗಳು ಬೇರೆ ಬೇರೆಯಾಗಿ ಬೀಳುತ್ತವೆ. ಒಂದು ದೀಪಕ್ಕೆ ಮರೆ ಹಿಡಿದರೆ ಅದರ ಚುಕ್ಕೆಯೊಂದೇ ಮಾಯ. ಬೆಳಕುಗಳು ರಂಧ್ರದಲ್ಲಿ ಹಾದುಹೋದರೂ ಒಂದರೊಡನೊಂದು ಕಲಸಿಹೋಗುವುದಿಲ್ಲ. ಗ್ರಹಣದ ಬಗ್ಗೆ ಬರೆದ ಇನ್ನೊಂದು ಪುಟ್ಟ ಗ್ರಂಥದಲ್ಲಿ, ರಂಧ್ರ ಚಿಕ್ಕದಾದಷ್ಟೂ ಗ್ರಹಣ ಹಿಡಿದ ಸೂರ್ಯನ ಬಿಂಬ ಸ್ಪಷ್ಟವಾಗುವುದು ಏಕೆಂದು ಅವರು ವಿವರಿಸಿದರು. ಇಂದು ಕ್ಯಾಮೆರಾದಲ್ಲಿ ಅಪರ್ಚರ್ ತಿರುಗಿಸುವವರು ಮಾಡುವುದು ಅದೇ ರಂಧ್ರದ ಹಿರಿದು ಕಿರಿದನ್ನು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಸಭೆಗಳಲ್ಲಿ, ಭಾಷಣಗಳಲ್ಲಿ ಕ್ಯಾಮೆರಾ ಕಂಡುಹಿಡಿದವರು ಮುಸ್ಲಿಮರು, ಕ್ಯಾಮೆರಾ ಎಂಬ ಪದ ಅರಬಿಯ ಕಮ್ರಾದಿಂದ ಬಂತು ಎಂದು ಹೆಮ್ಮೆಯಿಂದ ಹೇಳುವುದುಂಟು. ಕ್ಯಾಮೆರಾ ಎಂಬುದು ಕೋಣೆ ಎಂಬರ್ಥದ ಲ್ಯಾಟಿನ್ ಪದ. ಇಬ್ನುಲ್ ಹೈಸಮ್ ಫೋಟೋ ತೆಗೆಯಲಿಲ್ಲ, ಲೆನ್ಸು ಮಾರಲಿಲ್ಲ. ರಂಧ್ರದಿಂದ ಬಿಂಬ ಬೀಳುವುದನ್ನು ಅವರಿಗಿಂತ ಮುಂಚೆ ಚೀನೀಯರೂ ಗ್ರೀಕರೂ ಗಮನಿಸಿದ್ದರು. ಅವರ ಹಿರಿಮೆ ಇರುವುದು ಕಂಡದ್ದನ್ನು ಪರೀಕ್ಷೆಗೆ ಒಡ್ಡಿದ ಕ್ರಮದಲ್ಲಿ. ಹಿಂದಿನವರು ಬರೆದದ್ದನ್ನು ಓದುವವನು ಅದನ್ನು ಸಂಶಯದಿಂದ ನೋಡಬೇಕು, ತನ್ನ ಮೇಲೂ ಅದೇ ಸಂಶಯ ಇಟ್ಟುಕೊಳ್ಳಬೇಕು ಎಂದ ವಿದ್ವಾಂಸರ ಹೆಸರಿನಲ್ಲಿ ಪರೀಕ್ಷಿಸದ ಮಾತನ್ನು ಹಬ್ಬಿಸುವುದು ಅವರಿಗೆ ಮಾಡುವ ಗೌರವವಲ್ಲ.

ಅವರ ಕೃತಿ ಹನ್ನೆರಡು, ಹದಿಮೂರನೆಯ ಶತಮಾನದ ಹೊತ್ತಿಗೆ ಲ್ಯಾಟಿನ್ನಿಗೆ ಅನುವಾದವಾಯಿತು. 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಇರಾನಿನಲ್ಲಿ ಕಮಾಲುದ್ದೀನ್ ಅಲ್ ಫಾರಿಸಿ ಅದಕ್ಕೆ ವಿಸ್ತಾರವಾದ ವ್ಯಾಖ್ಯಾನ ಬರೆದು, ನೀರು ತುಂಬಿದ ಗಾಜಿನ ಗೋಳದಿಂದ ಕಾಮನಬಿಲ್ಲಿನ ಗುಟ್ಟು ಬಿಡಿಸಿದರು. ಆದರೆ ಕನ್ನಡಕ ಹುಟ್ಟಿದ್ದು 1286ರ ಸುಮಾರಿಗೆ ಇಟಲಿಯಲ್ಲಿ. ಇಸ್ತಾಂಬುಲಿನಲ್ಲಿ 1570ರ ದಶಕದಲ್ಲಿ ತಖಿಯುದ್ದೀನ್ ಬೆಳಕಿನ ಬಗ್ಗೆ ಮತ್ತೊಂದು ಗ್ರಂಥ ಬರೆದರು, ವೀಕ್ಷಣಾಲಯ ಕಟ್ಟಿಸಿದರು. 1580ರಲ್ಲಿ ಸುಲ್ತಾನನ ಆಜ್ಞೆಯಂತೆ ಆ ವೀಕ್ಷಣಾಲಯವನ್ನು ಕೆಡವಲಾಯಿತು. ಗಾಜು ಉಜ್ಜುವ ಕುಶಲಕರ್ಮಿಯೂ ಲೆಕ್ಕ ಬಲ್ಲ ವಿದ್ವಾಂಸನೂ ಒಂದೇ ಮೇಜಿನ ಎದುರು ಕೂತ ಕಡೆಗೆ ಕಥೆ ಸಾಗಿತು.

ಫಿರಂಗಿ ದಳದ ಲೆಕ್ಕಿಗರು

1839ರಲ್ಲಿ ಡಾಗೆರ್ ಪ್ಯಾರಿಸ್ಸಿನಲ್ಲಿ ಫೋಟೋ ವಿಧಾನವನ್ನು ಪ್ರಕಟಿಸಿದಾಗ ಬಳಸುತ್ತಿದ್ದ ಶೆವಾಲಿಯೆ ಲೆನ್ಸು ಬಹಳ ಕಡಿಮೆ ಬೆಳಕು ಒಳಬಿಡುತ್ತಿತ್ತು. ಇಂದಿನ ಲೆಕ್ಕದಲ್ಲಿ ಸುಮಾರು ಎಫ್ 15. ನಿಮಿಷಗಟ್ಟಲೆ ಅಲುಗಾಡದೆ ಕೂರಬೇಕಿತ್ತು. ಮರುವರ್ಷ, 1840ರಲ್ಲಿ, ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಜ್‌ವಾಲ್, ಲೆಕ್ಕದಲ್ಲಿ ಪಳಗಿದ ಫಿರಂಗಿ ದಳದ ಸೈನಿಕರ ನೆರವಿನಿಂದ ಕಾಗದದ ಮೇಲೆಯೇ ಒಂದು ಹೊಸ ಲೆನ್ಸು ರಚಿಸಿದರು. ಅದು ಎಫ್ 3.6. ಫಾಯ್ಗ್ಟ್‌ಲೆಂಡರ್ ಎಂಬ ಕಂಪನಿ ಅದನ್ನು ತಯಾರಿಸಿತು. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. ಸಾಮಾನ್ಯ ಜನರ ಮುಖಚಿತ್ರ ಸಾಧ್ಯವಾಯಿತು.

ಈ ಎಫ್ ಸಂಖ್ಯೆಯ ಅರ್ಥ ತಿಳಿದರೆ ಅರ್ಧ ವ್ಯಾಪಾರ ಅರ್ಥವಾದಂತೆ. ಲೆನ್ಸಿನ ಸಂಗಮ ದೂರವನ್ನು ಅದರ ಬಾಯಿಯ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. 50 ಮಿ.ಮೀ. ಲೆನ್ಸಿನ ಬಾಯಿ 28 ಮಿ.ಮೀ. ಇದ್ದರೆ ಎಫ್ 1.8, 9 ಮಿ.ಮೀ. ಇದ್ದರೆ ಎಫ್ 5.6. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು, ಅದೂ ವರ್ಗದ ಲೆಕ್ಕದಲ್ಲಿ. ಎಫ್ 1.8, ಎಫ್ 5.6ಕ್ಕಿಂತ ಸುಮಾರು 10 ಪಟ್ಟು ಬೆಳಕು ಕೊಡುತ್ತದೆ. ಮದುವೆ ಮಹಲಿನ ಮಬ್ಬಿನಲ್ಲಿ ಒಂದು ಲೆನ್ಸು ಸೆಕೆಂಡಿನ 10ರಲ್ಲಿ 1 ಪಾಲು ತೆರೆದಿರಬೇಕಾದರೆ ಇನ್ನೊಂದಕ್ಕೆ 100ರಲ್ಲಿ 1 ಪಾಲು ಸಾಕು. ಮೊದಲನೆಯದರಲ್ಲಿ ಓಡುವ ಮಗು ಮಸುಕಾದ ಗೆರೆ. ಎರಡನೆಯದರಲ್ಲಿ ಅದಕ್ಕೆ ಮುಖವಿದೆ.

ಜರ್ಮನಿಯ ಜೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ 1896ರಲ್ಲಿ ಆರು ಗಾಜುಗಳ ಪ್ಲಾನಾರ್, 1902ರಲ್ಲಿ ನಾಲ್ಕೇ ಗಾಜುಗಳ ಟೆಸ್ಸಾರ್ ರಚಿಸಿದರು. ಪ್ಲಾನಾರ್ ಹೆಚ್ಚು ಸಮರ್ಥ. ಆದರೆ ಗಾಳಿ ಮತ್ತು ಗಾಜು ಸಂಧಿಸುವ ಪ್ರತಿ ಮೈಯಲ್ಲೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ಹಿಂದಿರುಗುತ್ತದೆ. ಪ್ಲಾನಾರಿನಲ್ಲಿ ಅಂಥ ಎಂಟು ಮೈಗಳು; ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ದಾರಿಯಲ್ಲೇ ನಷ್ಟ, ಹಿಂದಿರುಗಿದ ಬೆಳಕಿನಿಂದ ಚಿತ್ರವೂ ಮಂಕು. ಕಡಿಮೆ ಗಾಜಿನ ಅಗ್ಗದ ಟೆಸ್ಸಾರ್ ಗೆದ್ದಿತು. 1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿಗೆ ತೆಳುವಾದ ಲೇಪ ಬಳಿದು ಈ ಪ್ರತಿಫಲನವನ್ನು ತಗ್ಗಿಸುವ ವಿಧಾನ ಕಂಡುಕೊಂಡ ಮೇಲೆ ಪ್ಲಾನಾರಿನ ವಂಶಕ್ಕೆ ಕಾಲ ಕೂಡಿಬಂತು. ಇಂದು ಅಂಗಡಿಯಲ್ಲಿ ಸಿಗುವ 50 ಮಿ.ಮೀ. ಎಫ್ 1.8 ಲೆನ್ಸುಗಳು ಬಹುತೇಕ ಆ ವಂಶದವೇ.

ಬಡವನ ಲೆನ್ಸು ಹುಟ್ಟಿದ ಬಗೆ

1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಕ್ಯಾಮೆರಾ ಬಂತು. ಆಸ್ಕರ್ ಬರ್ನಾಕ್ ಸಿನಿಮಾ ರೀಲನ್ನು ಬಳಸಿ 24ಕ್ಕೆ 36 ಮಿ.ಮೀ. ಅಳತೆಯ ಚಿತ್ರವನ್ನು ಆರಿಸಿದ್ದರು. ಅದಕ್ಕೆ 50 ಮಿ.ಮೀ. ಲೆನ್ಸು. ಆ ಚಿತ್ರದ ಕರ್ಣ 43 ಮಿ.ಮೀ. ಇರುವುದರಿಂದ ಅದಕ್ಕೆ ಹತ್ತಿರದ 50 ನೋಟವನ್ನು ಹಿಗ್ಗಿಸದೆ, ಕುಗ್ಗಿಸದೆ ತೋರುತ್ತದೆ. ಅದೇ ಸಾಮಾನ್ಯ ಲೆನ್ಸು ಎನಿಸಿಕೊಂಡಿತು.

ಎಸ್‌ಎಲ್‌ಆರ್ ಬಂದಾಗ ಹೊಸ ತೊಡಕು. ಲೆನ್ಸಿಗೂ ಫಿಲಮಿಗೂ ನಡುವೆ ಕನ್ನಡಿ ಮೇಲೇಳಲು ಜಾಗ ಬೇಕು. 1959ರ ನಿಕಾನ್ ಎಫ್ ಕ್ಯಾಮೆರಾದಲ್ಲಿ ಲೆನ್ಸು ಕೂರುವ ಬಳೆಯಿಂದ ಫಿಲಮಿಗೆ 46.5 ಮಿ.ಮೀ. 50 ಮಿ.ಮೀ. ಲೆನ್ಸು ಈ ಅಂತರದಲ್ಲಿ ಸಲೀಸಾಗಿ ನಿಲ್ಲುತ್ತದೆ. 35 ಅಥವಾ 24 ಮಿ.ಮೀ. ಲೆನ್ಸು ಫಿಲಮಿನ ಹತ್ತಿರ ಹೋಗಬೇಕು, ಆದರೆ ಕನ್ನಡಿ ಅಡ್ಡ. ಅದಕ್ಕೆ ಮುಂದೆ ದೊಡ್ಡ ನಿಮ್ನ ಮಸೂರ ಇಟ್ಟು ಬೆಳಕನ್ನು ಸುತ್ತಿ ತರುವ ಉಪಾಯವನ್ನು ಫ್ರಾನ್ಸಿನ ಆಂಜೆನ್ಯೂ 1950ರಲ್ಲಿ ರೆಟ್ರೋಫೋಕಸ್ ಎಂಬ ಹೆಸರಿನಲ್ಲಿ ತಂದರು. ಗಾಜು ಹೆಚ್ಚಿತು, ತೂಕ ಹೆಚ್ಚಿತು, ಬೆಲೆ ಹೆಚ್ಚಿತು. 50 ಮಿ.ಮೀ. ಅಗ್ಗವಾಗಿರಲು ಮುಖ್ಯ ಕಾರಣಗಳು ಇವೇ: ಹಳೆಯ ಪರೀಕ್ಷಿತ ವಿನ್ಯಾಸ, ಕನ್ನಡಿಗೆ ತೊಡಕಾಗದ ದೂರ, ಪ್ರತಿ ಕ್ಯಾಮೆರಾದೊಡನೆ ಲಕ್ಷಗಟ್ಟಲೆ ತಯಾರಿಕೆ. ಅಗ್ಗವೆಂದರೆ ಕಳಪೆ ಎಂಬ ಬಜಾರಿನ ಗಾದೆ ಇಲ್ಲಿ ನಿಲ್ಲುವುದಿಲ್ಲ.

2003ರಲ್ಲಿ ಕ್ಯಾನನ್ 300ಡಿ ಮಾದರಿ ಅಮೆರಿಕದಲ್ಲಿ 899 ಡಾಲರಿಗೆ ಬಂದು ಡಿಜಿಟಲ್ ಎಸ್‌ಎಲ್‌ಆರ್ ಅನ್ನು ಮಧ್ಯಮ ವರ್ಗದ ಹತ್ತಿರ ತಂದಿತು. ಬೆಲೆ ಇಳಿಸಲು ಸೆನ್ಸರನ್ನು ಚಿಕ್ಕದು ಮಾಡಲಾಗಿತ್ತು. ಹಳೆಯ ಲೆನ್ಸಿನ ಚಿತ್ರದ ನಡುಭಾಗವನ್ನಷ್ಟೇ ಅದು ಹಿಡಿಯುತ್ತದೆ. ಆದ್ದರಿಂದ ಕ್ಯಾನನ್‌ನಲ್ಲಿ 50 ಮಿ.ಮೀ. ಲೆನ್ಸು 80ರಂತೆ, ನಿಕಾನ್‌ನಲ್ಲಿ 75ರಂತೆ ನೋಡುತ್ತದೆ. ಮುಖಚಿತ್ರಕ್ಕೆ ಇದು ವರ. ನಮ್ಮ ಚಿಕ್ಕ ಮನೆಗಳೊಳಗೆ ತೊಂದರೆ. ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಈ ಕೊರತೆ ತುಂಬಲೆಂದೇ ಕ್ಯಾಮೆರಾದ ಜೊತೆ 18ರಿಂದ 55 ಮಿ.ಮೀ. ಝೂಮ್ ಕೊಡತೊಡಗಿದರು. ಅಗಲ ನೋಟ ಸಿಕ್ಕಿತು, ಬೆಳಕು ಹೋಯಿತು. ಅದರ ತುದಿಯಲ್ಲಿ ಎಫ್ 5.6 ಮಾತ್ರ.

ಇನ್ನೊಂದು ಉಳಿತಾಯ ಕಣ್ಣಿಗೆ ಕಾಣುವಂಥದ್ದಲ್ಲ. 2006ರಲ್ಲಿ ನಿಕಾನ್ ಡಿ40 ಮಾದರಿಯಿಂದ ಫೋಕಸ್ ಮೋಟಾರನ್ನು ತೆಗೆದುಹಾಕಿತು. ಅದರ ನಂತರದ ಡಿ3000, ಡಿ5000 ಸಾಲಿನ ಅಗ್ಗದ ಕ್ಯಾಮೆರಾಗಳಲ್ಲೂ ಮೋಟಾರಿಲ್ಲ. ನಿಕಾನ್‌ನ ಅಗ್ಗದ 50 ಮಿ.ಮೀ. ಎಫ್ 1.8ಡಿ ಲೆನ್ಸಿನೊಳಗೂ ಮೋಟಾರಿಲ್ಲ. ಎರಡನ್ನೂ ಕೂಡಿಸಿದರೆ ಫೋಕಸ್ ಕೈಯಿಂದಲೇ ಮಾಡಬೇಕು. ಅಂಥ ಕ್ಯಾಮೆರಾದವರು ಹೆಸರಿನಲ್ಲಿ ಎಎಫ್-ಎಸ್ ಎಂದಿರುವ ಲೆನ್ಸನ್ನೇ ಕೇಳಬೇಕು. ಕ್ಯಾನನ್ 1987ರಲ್ಲೇ ತನ್ನ ಹಳೆಯ ಬಳೆಯನ್ನು ಬಿಟ್ಟುಕೊಟ್ಟು, ಹಳೆಯ ಗಿರಾಕಿಗಳ ಸಿಟ್ಟಿಗೆ ಗುರಿಯಾಗಿ, ಇಎಫ್ ಎಂಬ ಹೊಸ ಬಳೆಯಲ್ಲಿ ಮೋಟಾರನ್ನು ಲೆನ್ಸಿನೊಳಗೇ ಇಟ್ಟಿತ್ತು. ಅದರ ಅಗ್ಗದ ಲೆನ್ಸುಗಳಲ್ಲಿ ಈ ಗೋಜಿಲ್ಲ.

ಕಿಸೆ ಮತ್ತು ಕಣ್ಣು

ಹಾಗಾದರೆ ಏನು ಕೊಳ್ಳಬೇಕು? ಇತಿಹಾಸ ಹೇಳುವುದನ್ನು ಹೀಗೆ ಕೂಡಿಸಬಹುದು. ಕ್ಯಾಮೆರಾದೊಡನೆ ಬಂದ 18-55 ಇದ್ದರೆ ಮಾರಬೇಡಿ. ಹಗಲಿನ ಕೆಲಸಕ್ಕೆ, ಅಗಲ ನೋಟಕ್ಕೆ ಅದು ಸಾಕು. ಎರಡನೆಯದಾಗಿ ಬೆಳಕಿನ ಲೆನ್ಸೊಂದು ಬೇಕು. ಮುಖಗಳೇ ಮುಖ್ಯವಾದರೆ 50 ಎಫ್ 1.8. ಮನೆಯೊಳಗಿನ ಬದುಕು, ಬೀದಿ ಮುಖ್ಯವಾದರೆ ನಿಕಾನ್‌ನವರಿಗೆ 2009ರಲ್ಲಿ ಬಂದ 35 ಎಫ್ 1.8, ಕ್ಯಾನನ್‌ನವರಿಗೆ 2014ರಲ್ಲಿ ಬಂದ 24 ಎಫ್ 2.8. ಇವೆರಡೂ ಚಿಕ್ಕ ಸೆನ್ಸರಿಗೆಂದೇ ಮಾಡಿದ ಸಾಮಾನ್ಯ ನೋಟದ ಲೆನ್ಸುಗಳು. ಹಕ್ಕಿಗಳ ಹಿಂದೆ ಹೋಗುವವರಿಗೆ ಚಿಕ್ಕ ಸೆನ್ಸರೇ ನೆರವು. ನಿಕಾನ್‌ನಲ್ಲಿ 200 ಮಿ.ಮೀ. ಅಲ್ಲಿ 300ರಂತೆ ಹತ್ತಿರ ತರುತ್ತದೆ. ಒಂದೇ ಲೆನ್ಸಿನಲ್ಲಿ ಎಲ್ಲವೂ ಎಂದು ಮಾರುವ ಉದ್ದನೆಯ ಝೂಮುಗಳಿಗೆ ಇರುವ ಹಣವನ್ನೆಲ್ಲ ಸುರಿಯುವುದು ಬೇಡ. ಎಲ್ಲವನ್ನೂ ನೋಡುವ ಕಣ್ಣಿಗೆ ಮಬ್ಬಿನಲ್ಲಿ ಏನೂ ಕಾಣದು.

ಕಾಲವೂ ಈಗ ಬಡವರ ಪರವಾಗಿದೆ. 2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಕನ್ನಡಿಯಿಲ್ಲದ ಕ್ಯಾಮೆರಾಗಳಿಗೆ ಹೊಸ ಬಳೆ ತಂದವು. 2020ರ ನಂತರ ಹೊಸ ಎಸ್‌ಎಲ್‌ಆರ್ ಮಾದರಿಗಳನ್ನು ಹೊರತಂದಿಲ್ಲ. ಸ್ಟುಡಿಯೋದವರು ಹಳೆಯ ಲೆನ್ಸುಗಳನ್ನು ಮಾರುತ್ತಿದ್ದಾರೆ. ಕೊಳ್ಳುವಾಗ ಒಂದು ಟಾರ್ಚ್ ಒಯ್ಯಿರಿ. ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮಲಗಿದ ಲೆನ್ಸುಗಳಿಗೆ ಇದು ಬೇಗ ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಒಂದಿಷ್ಟು ಸಿಲಿಕಾ ಜೆಲ್ ಇದ್ದರೆ ತಡೆಯಬಹುದು. ತಿರುಪಿನ ಬಳೆಯ ಹಳೆಯ ರಷ್ಯನ್ ಹೆಲಿಯೋಸ್ ಲೆನ್ಸುಗಳು ಜೈಸ್‌ನ ಬಯೋಟಾರ್ ವಿನ್ಯಾಸದವು. ಒಂದು ಅಡಾಪ್ಟರ್ ಇದ್ದರೆ ಕ್ಯಾನನ್‌ಗೆ ಕೂರುತ್ತವೆ. ಆ ಲೆನ್ಸಿಗೆ ಬೇಕಾದ ಅಂತರ 45.46 ಮಿ.ಮೀ., ಕ್ಯಾನನ್‌ನದು 44. ನಡುವಿನ ಒಂದೂವರೆ ಮಿಲಿಮೀಟರಿನಲ್ಲಿ ಅಡಾಪ್ಟರಿಗೆ ಜಾಗವಿದೆ. ನಿಕಾನ್‌ನಲ್ಲಿ ಆ ಜಾಗವಿಲ್ಲ. ಅಲ್ಲಿ ದೂರದ ವಸ್ತು ಸ್ಪಷ್ಟವಾಗುವುದಿಲ್ಲ.

ದೂರದಿಂದ, ಹತ್ತಿರದಿಂದ

ಕ್ಯಾಮೆರಾ ಬಂದಾಗ ನಮ್ಮ ಸಮಾಜದಲ್ಲಿ ತಸ್ವೀರಿನ ಪ್ರಶ್ನೆ ಎದ್ದಿತ್ತು. 1914ರಿಂದ 1920ರವರೆಗೆ ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಒಂದು ಪುಸ್ತಿಕೆ ಬರೆದು, ಫೋಟೋ ಎಂದರೆ ಇರುವ ನೆರಳನ್ನು ಹಿಡಿದಿಡುವುದು, ಅದು ಸೃಷ್ಟಿಯ ಅನುಕರಣೆಯಲ್ಲ, ಆದ್ದರಿಂದ ಅನುಮತಿ ಇದೆ ಎಂದು ವಾದಿಸಿದರು. ಉರ್ದುವಿನಲ್ಲಿ ಅಕ್ಸ್ ಎಂದರೆ ಪ್ರತಿಬಿಂಬ, ಅಕ್ಕಾಸ್ ಎಂದರೆ ಫೋಟೋಗ್ರಾಫರ್. ಈ ವಾದ ಪದದೊಳಗೇ ಅಡಗಿದೆ. ನಮ್ಮ ದೇಶದ ಹಲವು ಉಲಮಾಗಳು ಇದನ್ನು ಒಪ್ಪಲಿಲ್ಲ. ಪಾಸ್‌ಪೋರ್ಟಿನಂಥ ಅಗತ್ಯಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಈ ಚರ್ಚೆ ನಡೆಯುವ ಮೊದಲೇ ಲಖನೌದಲ್ಲಿ ಅಹ್ಮದ್ ಅಲಿ ಖಾನ್ 1850ರ ದಶಕದಲ್ಲಿ ನವಾಬನ ದರ್ಬಾರಿನವರ ಚಿತ್ರ ತೆಗೆದಿದ್ದರು. ದಾರೋಗಾ ಅಬ್ಬಾಸ್ ಅಲಿ 1874ರಲ್ಲಿ ಐವತ್ತು ಚಿತ್ರಗಳ ಲಖನೌ ಆಲ್ಬಮ್ ಹೊರತಂದಿದ್ದರು. 1857ರಲ್ಲಿ ಜರ್ಜರಿತವಾದ ಊರನ್ನು ಆ ಊರಿನವರೇ ದಾಖಲಿಸಿದ ಕೆಲಸವದು.

ಇದನ್ನು ನೆನೆಯಲು ಕಾರಣವಿದೆ. ಈದ್ ಬಂದರೆ ಪತ್ರಿಕೆಗಳಲ್ಲಿ ಒಂದು ಚಿತ್ರ ಖಾಯಂ: ಎತ್ತರದಿಂದ, ದೂರದಿಂದ, ಉದ್ದನೆಯ ಲೆನ್ಸಿನಲ್ಲಿ ತೆಗೆದ ಟೋಪಿಗಳ ಸಾಲು. ಉದ್ದದ ಲೆನ್ಸನ್ನು ದೂರ ನಿಂತು ಬಳಸಿದಾಗ ಹಿಂದಿನದು ಮುಂದಿನದಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ನೂರು ಜನ ಸಾವಿರ ಜನರಂತೆ, ಬಿಡಿ ಬಿಡಿ ಮನುಷ್ಯರು ಒಂದೇ ಮುದ್ದೆಯಂತೆ ತೋರುತ್ತಾರೆ. ಗಲಭೆಯ ಚಿತ್ರಗಳಲ್ಲೂ ಇದೇ. ಇದರಲ್ಲಿ ಯಾವಾಗಲೂ ದುರುದ್ದೇಶ ಹುಡುಕಬೇಕಿಲ್ಲ. ದೂರ ನಿಂತವನಿಗೆ ದೂರದ ಲೆನ್ಸು ಬೇಕು, ಅಷ್ಟೆ. ಹೆನ್ರಿ ಕಾರ್ಟಿಯೆ-ಬ್ರೆಸ್ಸಾನ್ ತಮ್ಮ ಬಹುಪಾಲು ಕೆಲಸವನ್ನು 50 ಮಿ.ಮೀ. ಲೆನ್ಸಿನಲ್ಲೇ ಮಾಡಿದವರು. 1948ರಲ್ಲಿ ಶ್ರೀನಗರದ ಹರಿ ಪರ್ವತದ ಮೇಲೆ ಅವರು ತೆಗೆದ, ಪ್ರಾರ್ಥನೆಯಲ್ಲಿರುವ ಕೆಲವೇ ಹೆಂಗಸರ ಚಿತ್ರದಲ್ಲಿ ಒಬ್ಬೊಬ್ಬರ ನಿಲುವೂ ಬೇರೆ. ಅದನ್ನು ನೋಡಿದವರು ಗುಂಪನ್ನು ನೆನಪಿಡುವುದಿಲ್ಲ, ಆ ಹೆಂಗಸರನ್ನು ನೆನಪಿಡುತ್ತಾರೆ.

ಚಿಕ್ಕ, ಅಗ್ಗದ ಲೆನ್ಸಿಗೆ ಝೂಮ್ ಇಲ್ಲ; ಕಾಲೇ ಝೂಮ್. ಹತ್ತಿರ ಹೋಗಬೇಕು, ಸಲಾಮ್ ಹೇಳಬೇಕು, ಒಪ್ಪಿಗೆ ಕೇಳಬೇಕು. ನಮ್ಮ ಮೊಹಲ್ಲಾದ ಬೀಡಿ ಕಟ್ಟುವ ತಾಯಂದಿರ, ವೆಲ್ಡಿಂಗ್ ಅಂಗಡಿಯ ಹುಡುಗರ, ಮದ್ರಸದ ಮೆಟ್ಟಿಲ ಮೇಲೆ ಕೂತ ಮಕ್ಕಳ ಹತ್ತಿರ ಹೋಗಲು ನಮ್ಮ ಹುಡುಗ ಹುಡುಗಿಯರಿಗೆ ಇರುವಷ್ಟು ಸಲಿಗೆ ಯಾವ ದೊಡ್ಡ ಪತ್ರಿಕೆಯ ಛಾಯಾಗ್ರಾಹಕರಿಗೂ ಇಲ್ಲ. ಮದುವೆಯ ಹೆಂಗಸರ ಅಂಗಳಕ್ಕೆ ಗಂಡಸಿನ ಕ್ಯಾಮೆರಾ ಹೋಗದು, ನಮ್ಮ ಹುಡುಗಿಯರ ಕ್ಯಾಮೆರಾ ಹೋಗುತ್ತದೆ. ಅಲ್ಲಿಗೆ ಹೋಗಲು ಬೇಕಾದ ಲೆನ್ಸು ಅಂಗಡಿಯ ಅತ್ಯಂತ ಕೆಳಗಿನ ಸಾಲಿನಲ್ಲಿ, ಅತ್ಯಂತ ಕಡಿಮೆ ಬೆಲೆಗೆ ಸಿಗುತ್ತದೆ. ಉಳಿದ ಹಣದಲ್ಲಿ ಬಸ್ಸಿನ ಟಿಕೆಟು ಕೊಂಡು, ತೆಗೆದ ಚಿತ್ರಗಳ ಒಂದೊಂದು ಪ್ರತಿಯನ್ನು ಚಿತ್ರದಲ್ಲಿರುವವರ ಕೈಗೆ ಕೊಟ್ಟು ಬರಲಿ.